ಐಸೊಮೆಟ್ರಿಕ್ ಸರದಿಯಾಟ ಮಾಡಲು ಕಲಿಯುವುದು: ಸಿದ್ಧ ಕಿಟ್, ಯೂನಿಟಿ, ಗೊಡೋ

ಓರೆನೋಟದಲ್ಲಿ (ಐಸೊಮೆಟ್ರಿಕ್) ಕಾಣುವ ಚೌಕ ಮನೆಗಳ ಮೇಲೆ ಸರದಿಯಂತೆ ಸೈನಿಕರನ್ನು ನಡೆಸುವ ಆಟವೊಂದನ್ನು ಸ್ವಂತವಾಗಿ ಮಾಡಬೇಕೆಂಬ ಹುಚ್ಚು ಹಿಡಿದಾಗ, ನಾನು ಮೊದಲು 3,400 ರೂಪಾಯಿ ತೆತ್ತು ಯೂನಿಟಿ ಎಂಬ ಗೇಮ್ ಎಂಜಿನ್ನಿಗಾಗಿ (ಆಟ ತಯಾರಿಸುವ ತಂತ್ರಾಂಶ) ಬರೆದ ಸಿದ್ಧ ಕಿಟ್ ಒಂದನ್ನು ಕೊಂಡೆ. ಏಳು ವಾರಗಳ ಬಳಿಕ ಅದನ್ನು ಬದಿಗಿಟ್ಟು ಬರಿಯ ಯೂನಿಟಿಯಲ್ಲಿ ಒಂದು ತಿಂಗಳು ಕಳೆದೆ. ಈಗ ಅಂತಹದ್ದೇ ಇನ್ನೊಂದು ಎಂಜಿನ್ ಆದ ಗೊಡೋದಲ್ಲಿ ನೆಲೆಸಿದ್ದೇನೆ. ಆದ್ದರಿಂದ ಈ ಹೋಲಿಕೆಯನ್ನು ಯಾರೂ ನಿಷ್ಪಕ್ಷಪಾತವೆಂದು ತಿಳಿಯಬಾರದು.

ಮೂರರಲ್ಲೂ ಮಾಡಲು ಹೊರಟದ್ದು ಒಂದೇ ಆಟ: 10×10 ಮನೆಗಳ ಬಯಲು, ಮೂರು ದಿಬ್ಬ, ಎರಡೂ ಕಡೆ ನಾಲ್ಕು ನಾಲ್ಕು ಸೈನಿಕರು, 64×32 ಪಿಕ್ಸೆಲ್ ಅಳತೆಯ ಟೈಲ್ (ಒಂದು ಮನೆಯ ಚಿತ್ರ).

ಕಿಟ್ಟು ಮೊದಲ ಸಂಜೆಯೇ ಓಡಿತು. ಆದರೆ ದಿಬ್ಬದ ಹಿಂದಿನ ಮನೆಯಲ್ಲಿ ನಿಂತ ಸೈನಿಕ ದಿಬ್ಬದ ಮುಂದೆ ಕಾಣಿಸಿಕೊಳ್ಳುತ್ತಿದ್ದ, ಅದೂ ಕೆಲವೊಮ್ಮೆ ಮಾತ್ರ. ಕಾರಣ ತಿಳಿಯಲು ನನಗೆ ಹದಿನೈದು ದಿನ ಹಿಡಿಯಿತು. ಪರದೆಯಲ್ಲಿ ಕೆಳಗಿರುವುದು ಹತ್ತಿರದ್ದು, ಮೇಲಿರುವುದು ದೂರದ್ದು ಎಂಬ ಲೆಕ್ಕದಲ್ಲಿಯೇ ಇಂತಹ ಆಟಗಳು ಚಿತ್ರಗಳನ್ನು ಒಂದರ ಮೇಲೊಂದು ಬಿಡಿಸುತ್ತವೆ. ಈ ಅಳತೆಯ ಟೈಲಿನಲ್ಲಿ ಪಕ್ಕದ ಮನೆಗೆ ಸರಿದರೆ ಪರದೆಯಲ್ಲಿ ಮೇಲೆ-ಕೆಳಗಿನ ವ್ಯತ್ಯಾಸ 16 ಪಿಕ್ಸೆಲ್. ದಿಬ್ಬವನ್ನು ಎತ್ತಿ ತೋರಿಸಲು ಅದರ ಟೈಲನ್ನೂ 16 ಪಿಕ್ಸೆಲ್ ಮೇಲೆ ಸರಿಸಿದರೆ, ಅದು ಹಿಂದಿನ ಮನೆಯ ಸೈನಿಕನಷ್ಟೇ ದೂರದಲ್ಲಿದೆಯೆಂದು ಲೆಕ್ಕ ಸಮವಾಗುತ್ತದೆ, ಆಗ ಯಾರು ಮುಂದೆ ಬಂದರೂ ಬರಬಹುದು. 32 ಪಿಕ್ಸೆಲ್ ಎತ್ತಿದರಂತೂ ಸೈನಿಕನೇ ಮುಂದೆ.

ಪರಿಹಾರ ಸರಳವಾದದ್ದೇ: ಯಾವುದು ಮುಂದೆ, ಯಾವುದು ಹಿಂದೆ ಎಂಬ ವಿಂಗಡಣೆಗೆ ನೆಲದ ಸ್ಥಾನವನ್ನು ಬಳಸಿ, ಚಿತ್ರವನ್ನು ಮಾತ್ರ ಮೇಲೆತ್ತಬೇಕು. ನನ್ನ ಕಿಟ್ಟಿನಲ್ಲಿ ಇದು ಅಸಾಧ್ಯಕ್ಕೆ ಸಮನಾಗಿತ್ತು, ಏಕೆಂದರೆ ಸೈನಿಕ ಎಲ್ಲಿದ್ದಾನೆ ಎಂಬುದನ್ನು ಅದು ಪಿಕ್ಸೆಲ್‌ಗಳಲ್ಲೇ ನೆನಪಿಡುತ್ತಿತ್ತು. ಎತ್ತರ ಬದಲಿಸಿದರೆ ನಡಿಗೆ, ಬಾಣದ ದೂರ, ಸರದಿ ಎಲ್ಲವೂ ಕೆಡುತ್ತಿದ್ದವು. ಕೊನೆಗೆ ಗ್ರಾಫ್ ಹಾಳೆಯಲ್ಲಿ ಚೌಕಾಬಾರದಂತೆ ನೇರ ಮನೆಗಳನ್ನು ಎಳೆದು, ಆಟವೆಲ್ಲ ಆ ಮನೆಗಳ ಸಂಖ್ಯೆಯಲ್ಲಿ ನಡೆಯಬೇಕೆಂದೂ, ಓರೆನೋಟವು ಬಿಡಿಸುವ ಹೊತ್ತಿಗೆ ಮಾತ್ರ ಬರಬೇಕೆಂದೂ ಮನಗಂಡೆ. ಅಡ್ಡಕ್ಕೆ ಮನೆಯ ಎಕ್ಸ್ ಸಂಖ್ಯೆಯಿಂದ ವೈ ಸಂಖ್ಯೆಯನ್ನು ಕಳೆದು 32ರಿಂದ ಗುಣಿಸುವುದು, ಕೆಳಕ್ಕೆ ಎರಡನ್ನೂ ಕೂಡಿ 16ರಿಂದ ಗುಣಿಸುವುದು: ಓರೆನೋಟದ ಗುಟ್ಟು ಇಷ್ಟೇ.

ಯೂನಿಟಿಯಲ್ಲಿ ಈ ವಿಂಗಡಣೆಗೆ ಸೌಲಭ್ಯವಿದೆ, ಆದರೆ ಸೆಟ್ಟಿಂಗ್‌ಗಳು ಚದುರಿವೆ: ವಿಂಗಡಣೆಯ ಅಕ್ಷ ಒಂದೆಡೆ, ಟೈಲ್‌ಮ್ಯಾಪ್ (ಟೈಲುಗಳ ನಕ್ಷೆ) ಬಿಡಿಸುವ ರೆಂಡರರನ್ನು ಪ್ರತಿ ಟೈಲನ್ನೂ ಬಿಡಿಯಾಗಿ ವಿಂಗಡಿಸುವ ಇಂಡಿವಿಜುವಲ್ ಮೋಡ್‌ಗೆ ತರುವುದು ಇನ್ನೊಂದೆಡೆ, ಪ್ರತಿ ಸ್ಪ್ರೈಟಿನ (ಬಿಡಿ ಚಿತ್ರದ) ಪಿವಟ್ ಎಂಬ ಆಧಾರಬಿಂದು ಮತ್ತೊಂದೆಡೆ. ಗೊಡೋದಲ್ಲಿ ವೈ-ಸಾರ್ಟ್ (ಮೇಲೆ-ಕೆಳಗಿನ ಸ್ಥಾನದಂತೆ ವಿಂಗಡಣೆ) ಎಂಬ ಗುರುತನ್ನು ಎಲ್ಲವನ್ನೂ ಒಳಗೊಂಡ ತಾಯಿ ನೋಡ್‌ಗೂ ಟೈಲುಗಳ ಪದರವಾದ ಟೈಲ್‌ಮ್ಯಾಪ್‌ಲೇಯರ್‌ಗೂ ಹಾಕಿ, ಎತ್ತರದ ಪದರಕ್ಕೆ ವೈ-ಸಾರ್ಟ್ ಒರಿಜಿನ್‌ನಲ್ಲಿ ಎತ್ತಿದಷ್ಟೇ ಪಿಕ್ಸೆಲ್ ತುಂಬಿದೆ. ಒಂದೇ ಭಾನುವಾರದಲ್ಲಿ ದಿಬ್ಬದ ಹಿಂದಿದ್ದವನು ಹಿಂದೆಯೇ ಉಳಿದ. ಕಾರಣ ಅಷ್ಟರಲ್ಲಾಗಲೇ ತಿಳಿದಿತ್ತೆಂಬುದನ್ನೂ ಒಪ್ಪಿಕೊಳ್ಳಬೇಕು.

ಒಂದು ಮನೆಯಿಂದ ಇನ್ನೊಂದಕ್ಕೆ ಹತ್ತಿರದ ಮಾರ್ಗ ಹುಡುಕಲು ಗೊಡೋದಲ್ಲಿ ಎ-ಸ್ಟಾರ್‌ಗ್ರಿಡ್ ಎಂಬ ಸಾಧನ ಸಿದ್ಧವಾಗಿಯೇ ಇದೆ; ಯೂನಿಟಿಯ ಟೈಲ್‌ಮ್ಯಾಪಿಗೆ ಅದನ್ನು ನಾನೇ ಬರೆದುಕೊಂಡೆ. ಆದರೆ ಒಬ್ಬ ಸೈನಿಕ ಈ ಸರದಿಯಲ್ಲಿ ಎಲ್ಲೆಲ್ಲಿಗೆ ಹೋಗಬಲ್ಲನೆಂದು ನೀಲಿ ಮನೆಗಳನ್ನು ತೋರಿಸಬೇಕಲ್ಲ, ಅದಕ್ಕೆ ಎರಡರಲ್ಲೂ ಮನೆಯಿಂದ ಮನೆಗೆ ಹರಡುತ್ತಾ ಹೋಗುವ ಹುಡುಕಾಟವನ್ನು ಕೈಯಾರೆ ಬರೆಯಲೇಬೇಕು.

ಗೊಡೋದ ದೊಡ್ಡ ಕೊರತೆ ಪಾಠಗಳದ್ದು: 2024ರ 4.3 ಆವೃತ್ತಿಯಲ್ಲಿ ಟೈಲ್‌ಮ್ಯಾಪಿನ ಜಾಗಕ್ಕೆ ಟೈಲ್‌ಮ್ಯಾಪ್‌ಲೇಯರ್ ಬಂದುದರಿಂದ ಅದಕ್ಕೂ ಹಿಂದಿನ ವಿಡಿಯೊಗಳನ್ನು ಅನುಸರಿಸಿದರೆ ಗುಂಡಿಗಳೇ ಸಿಗುವುದಿಲ್ಲ. ಪಾಠಗಳ ಸಮೃದ್ಧಿಯಲ್ಲಿ ಯೂನಿಟಿ ಬಹಳ ಮುಂದಿದೆ. ಗೇಮ್ ಸ್ಟುಡಿಯೋದಲ್ಲಿ ಕೆಲಸ ಹುಡುಕುವವರು ಯೂನಿಟಿ ಮತ್ತು ಅದರಲ್ಲಿ ಕೋಡ್ ಬರೆಯುವ ಭಾಷೆ ಸಿ-ಶಾರ್ಪ್ ಕಲಿಯುವುದೇ ಸರಿ.

ನಾನು ಕೆಲಸ ಹುಡುಕುತ್ತಿಲ್ಲ. ರಾತ್ರಿ ಊಟವಾದ ಮೇಲಿನ ಒಂದು ಗಂಟೆ ಮತ್ತು 8 ಜಿಬಿಯ ಹಳೆಯ ಲ್ಯಾಪ್‌ಟಾಪ್, ಇಷ್ಟೇ ನನ್ನ ಬಂಡವಾಳ. ಆ ಯಂತ್ರದಲ್ಲಿ ಗೊಡೋ ತೆರೆದುಕೊಳ್ಳುವ ವೇಗವೇ ನನಗೆ ಅರ್ಧ ತೀರ್ಪು. ಅದು ಯಾರಾದರೂ ಉಚಿತವಾಗಿ ಬಳಸಬಹುದಾದ ಎಂಐಟಿ ಪರವಾನಗಿಯದ್ದಾದ್ದರಿಂದ ಮುಂದೆ ಶುಲ್ಕ ಬಂದೀತೆಂಬ ಚಿಂತೆಯೂ ಇಲ್ಲ. ಯೂನಿಟಿ 2023ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ, ಆಟದ ಇನ್‌ಸ್ಟಾಲ್‌ಗಳ ಲೆಕ್ಕದಲ್ಲಿ ತೆರಬೇಕಿದ್ದ ರನ್‌ಟೈಮ್ ಶುಲ್ಕವನ್ನು ಮರುವರ್ಷ ಕೈಬಿಟ್ಟಿತಾದರೂ, ನನ್ನಂತಹ ಹವ್ಯಾಸಿಗೆ ಅದು ಮೊದಲೇ ತಟ್ಟುತ್ತಿರಲಿಲ್ಲ.

ಕಿಟ್ಟಿನಲ್ಲಿದ್ದ ಹುಲ್ಲು ಮತ್ತು ಬಂಡೆಗಳ ಚಿತ್ರಗಳು ಮಾತ್ರ ಚೆನ್ನಾಗಿದ್ದವು. ಬೇರೆ ಎಂಜಿನ್ನಿನಲ್ಲಿ ಬಳಸಲು ಪರವಾನಗಿ ಅಡ್ಡಿಯಾಗದ ಕಾರಣ ಅವನ್ನು ಗೊಡೋಗೆ ತಂದುಕೊಂಡಿದ್ದೇನೆ; ಆ 3,400 ರೂಪಾಯಿಯನ್ನು ಈಗ ಚಿತ್ರಗಳ ಖರ್ಚಿನ ಬಾಬ್ತಿಗೆ ಬರೆದುಕೊಂಡಿದ್ದೇನೆ.