ಮೂರನೆಯ ಕರಡಿನವರೆಗೆ: ಕಾಲೇಜಿನ ಬರವಣಿಗೆ ಕೋರ್ಸಿನ ಕುರಿತು

ಪದವಿಯ ಮೊದಲ ವರ್ಷದಲ್ಲಿ ಕಡ್ಡಾಯವೆಂಬ ಒಂದೇ ಕಾರಣಕ್ಕೆ ನಾನು ಸೇರಿದ್ದ ಬರವಣಿಗೆಯ ಕೋರ್ಸ್ ಮುಗಿದು ಕೆಲವು ವರ್ಷಗಳಾಗಿವೆ. ಅಂಕಪಟ್ಟಿಯ ಬಿಸಿ ಆರಿದ ಮೇಲೆ ಬರೆಯುತ್ತಿರುವ ಈ ವಿಮರ್ಶೆಯಲ್ಲಿ ಕೃತಜ್ಞತೆಯೂ ಇದೆ, ತಕರಾರೂ ಇದೆ.

ಮೊದಲ ಪ್ರಬಂಧಕ್ಕೆ ನಾನು ಆರಿಸಿಕೊಂಡ ವಿಷಯ, ತರಗತಿಯ ಹಾಜರಾತಿ ಕಡ್ಡಾಯವಾಗಿರಬೇಕೆ ಎಂಬುದು. 'ಅನಾದಿ ಕಾಲದಿಂದಲೂ ಶಿಕ್ಷಣವು ಮಾನವನ ಬದುಕಿನ ಅವಿಭಾಜ್ಯ ಅಂಗವಾಗಿದೆ' ಎಂದು ಶುರುಮಾಡಿ, ಶಾಲೆಯಲ್ಲಿ ಬೆನ್ನು ತಟ್ಟಿಸಿಕೊಂಡಿದ್ದ ಶೈಲಿಯಲ್ಲೇ ಐದು ಪುಟ ತುಂಬಿಸಿದ್ದೆ. ಕರಡು ಹಿಂದಿರುಗಿ ಬಂದಾಗ ಅದರಲ್ಲಿ ಕೆಂಪು ಶಾಯಿಯೇ ಇರಲಿಲ್ಲ. ಮೂರನೆಯ ಪ್ಯಾರಾದ ಪಕ್ಕದಲ್ಲಿ ಪೆನ್ಸಿಲಿನಿಂದ 'ನಿಮ್ಮ ಲೇಖನ ಶುರುವಾಗುವುದು ಇಲ್ಲಿಂದಲ್ಲವೇ?' ಎಂದಷ್ಟೇ ಬರೆದಿತ್ತು. ಮೊದಲೆರಡು ಪ್ಯಾರಾಗಳನ್ನು ಕೈಯಿಂದ ಮುಚ್ಚಿಕೊಂಡು ಓದಿ ನೋಡಿದೆ. ಲೇಖನಕ್ಕೆ ಏನೂ ಕೊರತೆಯಾಗಿರಲಿಲ್ಲ.

ಆ ಕೋರ್ಸ್ ಕೊಟ್ಟ ಅತ್ಯಂತ ಉಪಯುಕ್ತ ಅಭ್ಯಾಸವೆಂದರೆ, ಕರಡು ಮುಗಿದ ಮೇಲೆ ಪ್ರತಿ ಪ್ಯಾರಾ ಏನು ಹೇಳುತ್ತದೆ ಎಂಬುದನ್ನು ಅಂಚಿನಲ್ಲಿ ಒಂದೊಂದು ವಾಕ್ಯವಾಗಿ ಬರೆದು, ಆಮೇಲೆ ಆ ವಾಕ್ಯಗಳನ್ನು ಮಾತ್ರ ಮೇಲಿನಿಂದ ಕೆಳಗೆ ಓದುವುದು. ಹಾಗೆ ಮಾಡಿದಾಗ ನಾಲ್ಕನೆಯ ಮತ್ತು ಆರನೆಯ ಪ್ಯಾರಾಗಳು ಒಂದೇ ಮಾತನ್ನು ಬೇರೆ ಬೇರೆ ವೇಷದಲ್ಲಿ ಹೇಳುತ್ತಿದ್ದುದೂ, ಐದನೆಯದು ಯಾರೂ ಎತ್ತದ ಆಕ್ಷೇಪಕ್ಕೆ ಉತ್ತರ ಕೊಡುತ್ತಿದ್ದುದೂ ಕಣ್ಣಿಗೆ ಬಿತ್ತು. ಅದಕ್ಕಿಂತ ದೊಡ್ಡ ತಪ್ಪು ಏಳನೆಯದರಲ್ಲಿತ್ತು. ತಪ್ಪದೆ ತರಗತಿಗೆ ಬರುವವರಿಗೆ ಹೆಚ್ಚು ಅಂಕ ಬರುತ್ತದೆ, ಆದ್ದರಿಂದ ಹಾಜರಾತಿಯನ್ನು ಕಡ್ಡಾಯ ಮಾಡಿದರೆ ಎಲ್ಲರ ಅಂಕವೂ ಏರುತ್ತದೆ ಎಂದು ನಾನು ವಾದಿಸಿದ್ದೆ. ವಿಷಯದಲ್ಲಿ ಆಸಕ್ತಿಯಿರುವವರು ತಾವಾಗಿಯೇ ತರಗತಿಗೂ ಬರುತ್ತಾರೆ, ಚೆನ್ನಾಗಿಯೂ ಓದುತ್ತಾರೆ ಎಂಬ ಸಾಧ್ಯತೆ ಆ ವಾಕ್ಯವನ್ನು ಅಂಚಿನಲ್ಲಿ ಒಂಟಿಯಾಗಿ ನಿಲ್ಲಿಸುವವರೆಗೆ ನನಗೆ ಹೊಳೆದೇ ಇರಲಿಲ್ಲ. ಭಾಷೆ ನಯವಾಗಿದ್ದಷ್ಟೂ ವಾದದ ತೂತು ಕಾಣಿಸುವುದಿಲ್ಲ. ನನ್ನ ಭಾಷೆ ದುರದೃಷ್ಟವಶಾತ್ ಸಾಕಷ್ಟು ನಯವಾಗಿತ್ತು. ಮೂರನೆಯ ಕರಡಿನ ಹೊತ್ತಿಗೆ ಪ್ರಬಂಧದ ನಿಲುವೇ ಬದಲಾಗಿತ್ತು.

ಇಂಥ ಕೋರ್ಸುಗಳ ಇತಿಹಾಸ ತಿಳಿದ ಮೇಲೆ ನನ್ನ ತಕರಾರು ಸ್ಪಷ್ಟವಾಯಿತು. ಹಾರ್ವರ್ಡ್ 1874ರಲ್ಲಿ ಪ್ರವೇಶ ಪರೀಕ್ಷೆಗೆ ಪ್ರಬಂಧವನ್ನು ಸೇರಿಸಿ, ಅಭ್ಯರ್ಥಿಗಳ ಬರವಣಿಗೆಯನ್ನು ಕಂಡು ಗಾಬರಿಗೊಂಡು, 1885ರಲ್ಲಿ 'ಇಂಗ್ಲಿಷ್ ಎ' ಎಂಬ ಮೊದಲ ವರ್ಷದ ಪಾಠಕ್ರಮವನ್ನು ಆರಂಭಿಸಿತು. ತಪ್ಪು ತಿದ್ದುವುದೇ ಬರವಣಿಗೆಯ ಪಾಠವೆಂಬ ನಂಬಿಕೆ ಬಹುಕಾಲ ಉಳಿಯಿತು. ಸಿದ್ಧ ಪ್ರಬಂಧಕ್ಕಿಂತ ಅದು ರೂಪುಗೊಳ್ಳುವ ಬಗೆಯನ್ನು ಕಲಿಸಬೇಕೆಂಬ ವಿಚಾರ ಬಲ ಪಡೆದದ್ದು 1970ರ ದಶಕದಲ್ಲಿ. ನಾನು ಓದಿದ ಕೋರ್ಸಿನ ಪಾಠ ಈ ಎರಡನೆಯ ಕಾಲದ್ದು, ಅಂಕ ಕೊಡುವ ಕ್ರಮ ಮೊದಲನೆಯ ಕಾಲದ್ದು. ಮೂರು ಕರಡು ಬರೆಯಿಸಿದರೂ ಅಂಕವಿದ್ದದ್ದು ಕೊನೆಯದಕ್ಕೆ ಮಾತ್ರ, ಅದರಲ್ಲೂ ಕಾಗುಣಿತಕ್ಕೂ ವಿರಾಮಚಿಹ್ನೆಗೂ ಧಾರಾಳವಾಗಿ ಕಡಿತ. ಹೀಗಾಗಿ ಹಲವರು ಒಂದೇ ಕರಡು ಬರೆದು, ಅದನ್ನೇ ಉದ್ದೇಶಪೂರ್ವಕವಾಗಿ ಕೆಡಿಸಿ 'ಮೊದಲ ಕರಡು' ಎಂದು ಒಪ್ಪಿಸುತ್ತಿದ್ದರು.

ಸಹಪಾಠಿಗಳ ಕರಡುಗಳನ್ನು ಪರಸ್ಪರ ಓದಿ ಅಭಿಪ್ರಾಯ ಬರೆಯುವ ಅವಧಿ ಬಹುಮಟ್ಟಿಗೆ ವ್ಯರ್ಥ. 'ಚೆನ್ನಾಗಿದೆ, ಇನ್ನಷ್ಟು ಉದಾಹರಣೆ ಕೊಡಿ' ಎಂಬುದಕ್ಕಿಂತ ಮುಂದೆ ಹೋಗುವುದು ಹೇಗೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಆಕರಗಳನ್ನು ಉಲ್ಲೇಖಿಸುವ ಪಾಠವೂ ಅಲ್ಪವಿರಾಮ ಎಲ್ಲಿ, ಆವರಣ ಎಲ್ಲಿ ಎಂಬುದರಲ್ಲೇ ಮುಗಿದುಹೋಯಿತು. ಇಂದು ದಪ್ಪ ಕೈಪಿಡಿಯಾಗಿರುವ ಎಪಿಎ (ಅಮೆರಿಕದ ಮನೋವಿಜ್ಞಾನಿಗಳ ಸಂಘ) ರೂಪಿಸಿದ ಬರವಣಿಗೆ ಮತ್ತು ಉಲ್ಲೇಖದ ನಿಯಮಗಳು 1929ರಲ್ಲಿ ಒಂದು ಪತ್ರಿಕೆಯ ಏಳು ಪುಟಗಳಲ್ಲಿ ಅಡಕವಾಗಿದ್ದವು. ಓದುಗನು ಆಕರವನ್ನು ಸುಲಭವಾಗಿ ಹುಡುಕಿಕೊಳ್ಳಲಿ ಎಂಬ ಸರಳ ಉದ್ದೇಶವನ್ನು ಮೊದಲೇ ಹೇಳಿದ್ದರೆ ಉಳಿದದ್ದನ್ನು ನಾವೇ ನೋಡಿಕೊಳ್ಳುತ್ತಿದ್ದೆವು. ಮೂಲದ ನಾಲ್ಕು ಪದಗಳನ್ನು ಬದಲಿಸಿ ವಾಕ್ಯದ ಜಾಡನ್ನು ಹಾಗೆಯೇ ಉಳಿಸಿಕೊಂಡರೆ ಅದೂ ಕೃತಿಚೌರ್ಯವೇ ಎಂಬುದು ನನಗೆ ತಿಳಿದದ್ದು, ಹಾಗೆ ಮಾಡಿ ಸಿಕ್ಕಿಬಿದ್ದ ಮೇಲೆ.

ಇಷ್ಟಾದರೂ ಈ ಕೋರ್ಸನ್ನು ಆಯ್ದುಕೊಳ್ಳಿ ಎಂದೇ ಹೇಳುತ್ತೇನೆ, ಆದರೆ ಸೇರುವ ಮುನ್ನ ತರಗತಿಯಲ್ಲಿ ಎಷ್ಟು ಜನರಿರುತ್ತಾರೆಂದು ವಿಚಾರಿಸಬೇಕು. ಅಮೆರಿಕದ ಬರವಣಿಗೆ ಅಧ್ಯಾಪಕರ ಸಂಘಟನೆಯು ಇಂಥ ತರಗತಿಯಲ್ಲಿ 20ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರಬಾರದು, 15 ಇದ್ದರೆ ಉತ್ತಮ ಎನ್ನುತ್ತದೆ. ನಮ್ಮಲ್ಲಿ ನಲವತ್ತು ಜನರಿದ್ದೆವು, ಹಾಗಾಗಿ ಪೆನ್ಸಿಲಿನ ಆ ಪ್ರಶ್ನೆಯಂಥದ್ದು ಇಡೀ ಸೆಮಿಸ್ಟರಿನಲ್ಲಿ ನನ್ನ ಪಾಲಿಗೆ ಬಂದದ್ದು ಎರಡೇ ಸಲ.