ಮೂಡಿಗೆರೆ ಕಡೆಯ ಎರೆಗೊಬ್ಬರ: ಒಂದು ಮಳೆಗಾಲದ ಅನುಭವ

ಮೂಡಿಗೆರೆ ರಸ್ತೆಯ ಘಟಕವೊಂದರಿಂದ ಕಳೆದ ಮೇ ತಿಂಗಳಲ್ಲಿ ಕಿಲೋಗೆ 12 ರೂಪಾಯಿಯಂತೆ 40 ಕಿಲೋ ತೂಕದ 25 ಚೀಲ ಎರೆಗೊಬ್ಬರವನ್ನು ತರಿಸಿ, ಹೊಸದಾಗಿ ನೆಟ್ಟ ಕಾಫಿ ಗಿಡಗಳಿಗೂ ಮೆಣಸಿನ ಬಳ್ಳಿಗಳ ಬುಡಕ್ಕೂ ಹಾಕಿದ್ದೆವು. ಒಂದು ಮಳೆಗಾಲ ಕಳೆದಿರುವುದರಿಂದ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಗೊಬ್ಬರ ಚೆನ್ನಾಗಿದೆ. ಮುಷ್ಟಿಯಲ್ಲಿ ಅಮುಕಿದರೆ ಉಂಡೆಯಾಗುತ್ತದೆ, ಬೆರಳು ತಾಗಿಸಿದರೆ ಉದುರುತ್ತದೆ, ಹಸಿ ಮಣ್ಣಿನ ವಾಸನೆಯ ಹೊರತು ಬೇರೆ ವಾಸನೆಯಿಲ್ಲ. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಎರೆಗೊಬ್ಬರದ ತೇವಾಂಶ ಶೇ. 15ರಿಂದ 25ರೊಳಗಿರಬೇಕು; ನಾವು ದುಡ್ಡು ಕೊಡುವುದು ತೂಕಕ್ಕಾದ್ದರಿಂದ ಕೊಳ್ಳುವವರು ಮೊದಲು ನೋಡಬೇಕಾದದ್ದು ಇದನ್ನೇ. ಎರಡನೆಯ ಲೋಡಿನ 4 ಚೀಲಗಳಲ್ಲಿ ಕಾಫಿ ಸಿಪ್ಪೆ ಪೂರ್ತಿ ಕಳಿಯದೆ ಹುಳಿ ವಾಸನೆ ಬರುತ್ತಿತ್ತು. ಹೇಳಿದ ಕೂಡಲೇ ಬದಲಿಸಿ ಕೊಟ್ಟರು, ಆದರೆ ಸಾಗಾಟದ ಖರ್ಚು ನಮ್ಮ ಮೇಲೆಯೇ ಬಿತ್ತು. ಅದು ನ್ಯಾಯವಲ್ಲ.

ಚೀಲದಲ್ಲಿ ಬಂದ ಹುಳುಗಳು ತೋಟದಲ್ಲಿ ನೆಲೆಯಾಗುತ್ತವೆಯೇ ಎಂದು ಕೇಳಿದಾಗ ಘಟಕದ ಹಿರಿಯರು, "ಇವು ತೊಟ್ಟಿಯ ಹುಳು ಸಾರ್, ನಿಮ್ಮ ತೋಟದ ಹುಳು ಬೇರೆ, ಅದನ್ನು ನಾವು ಮಾರಲಾಗದು" ಎಂದರು. ವ್ಯಾಪಾರಿಯ ಬಾಯಿಂದ ಇಂಥ ಮಾತು ಬರುವುದು ಅಪರೂಪ. ತೊಟ್ಟಿಗಳಲ್ಲಿ ಸಾಮಾನ್ಯವಾಗಿ ಸಾಕುವ ಐಸೀನಿಯಾ ಫೆಟಿಡಾ, ಯೂಡ್ರಿಲಸ್ ಯೂಜೀನಿಯೇ ಜಾತಿಗಳು ಮೇಲೆ ಕೊಳೆಯುವ ಕಸವನ್ನು ತಿಂದು ಬದುಕುವಂಥವು, ಮಣ್ಣಿನೊಳಗೆ ಆಳಕ್ಕೆ ಇಳಿಯುವುದಿಲ್ಲ. ಮಣ್ಣನ್ನೂ ಕೊಳೆತ ಎಲೆಯನ್ನೂ ಹೊಟ್ಟೆಯಲ್ಲಿ ಬೆರೆಸಿ ಹಿಕ್ಕೆ ಹಾಕುವ, ಬಿಲ ಕೊರೆದು ಇಳಿಜಾರಿನಲ್ಲಿ ಹರಿದುಹೋಗುವ ಮಳೆನೀರನ್ನು ಬೇರಿನವರೆಗೆ ಇಂಗಿಸುವ ಕೆಲಸ ನೆಲದ ಹುಳುವಿನದು.

ಜುಲೈನಲ್ಲಿ ಹಲಸಿನ ಮರದ ಕೆಳಗೆ, ಗೊಬ್ಬರದ ಮೇಲೆ ದರಗು ದಪ್ಪವಾಗಿ ಹೊದಿಸಿದ್ದ ಕಡೆ, ಎಲೆ ಸರಿಸಿದರೆ ಶಾವಿಗೆ ಸುರಿದಂತೆ ಹಿಕ್ಕೆಯ ಗುಪ್ಪೆಗಳು ಕಂಡವು. ಒಂದು ಅಡಿ ಚೌಕ ಅಗೆದಾಗ 11 ಹುಳು ಸಿಕ್ಕವು. ಅದೇ ಗೊಬ್ಬರ ಹಾಕಿ ದರಗು ಹೊದಿಸದೆ ಬಿಟ್ಟಿದ್ದ ಮೇಲಿನ ಪಟ್ಟಿಯಲ್ಲಿ ಸಿಕ್ಕಿದ್ದು 3. ಎಲೆ ತುಕ್ಕು ರೋಗಕ್ಕೆ ಸಿಂಪಡಿಸುವ, ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಕಲಸುವ ಡ್ರಮ್ಮುಗಳನ್ನು ವರ್ಷಗಟ್ಟಲೆ ತೊಳೆದು ಚೆಲ್ಲಿದ ಮೂಲೆಯಲ್ಲಿ ಒಂದೂ ಇರಲಿಲ್ಲ. ಮೈಲುತುತ್ತದ ತಾಮ್ರ ಮಣ್ಣಿನಲ್ಲಿ ಉಳಿದು ಎರೆಹುಳುವಿಗೆ ವಿಷವಾಗುತ್ತದೆ. ಎಲೆ ತುಕ್ಕು ರೋಗವಿರುವ ತನಕ ಸಿಂಪಡಣೆ ಬಿಡುವುದು ನಮಗೆ ಕಷ್ಟ, ಆದರೆ ಡ್ರಮ್ಮು ತೊಳೆದ ನೀರನ್ನು ಗಿಡಗಳ ನಡುವೆ ಚೆಲ್ಲುವುದನ್ನು ಈ ವರ್ಷದಿಂದ ನಿಲ್ಲಿಸಿದ್ದೇವೆ.

ನರ್ಸರಿಯ ಬುಟ್ಟಿಗೂ ಹೊಸ ಗುಂಡಿಗೂ ಈ ಗೊಬ್ಬರವನ್ನು ನಿಸ್ಸಂಕೋಚವಾಗಿ ಕೊಳ್ಳಬಹುದು. ದೊಡ್ಡ ಗಿಡಗಳಿಗಾಗಿ ಲೋಡುಗಟ್ಟಲೆ ತರಿಸುವ ಅಗತ್ಯ ನನಗಂತೂ ಕಾಣಲಿಲ್ಲ. ಬರುವ ಮುಂಗಾರಿಗೆ 10 ಚೀಲ ಮಾತ್ರ ಹೇಳಿದ್ದೇನೆ. ಉಳಿದ ದುಡ್ಡನ್ನು ದರಗು ಹೊತ್ತು ಹರಡುವ ಆಳುಗಳ ಕೂಲಿಗೆ ಎತ್ತಿಟ್ಟಿದ್ದೇನೆ.