ಸ್ಕಾಪಾ ಫ್ಲೋದ ತಣ್ಣೀರಿನಲ್ಲಿ ಆರು ದಿನ: ಒಂದು ಡೈವಿಂಗ್ ದೋಣಿಯ ಸೇವೆಯ ಬಗ್ಗೆ

ಸ್ಕಾಟ್ಲೆಂಡಿನ ಉತ್ತರ ತುದಿಯಾಚೆಗಿನ ಆರ್ಕ್ನಿ ದ್ವೀಪಗಳಲ್ಲಿ, ಸ್ಟ್ರಾಮ್‌ನೆಸ್ ಬಂದರಿನಿಂದ ಹೊರಡುವ ದೋಣಿಯೊಂದರಲ್ಲಿ ಕಳೆದ ಜೂನ್ ತಿಂಗಳಲ್ಲಿ ಆರು ದಿನ ಇದ್ದು, ಆ ದ್ವೀಪಗಳ ನಡುವಿನ ಸ್ಕಾಪಾ ಫ್ಲೋ ಎಂಬ ಕೊಲ್ಲಿಯ ತಳದಲ್ಲಿರುವ ಜರ್ಮನ್ ಯುದ್ಧನೌಕೆಗಳನ್ನು ನೋಡಿ ಬಂದೆ. ಮುರುಡೇಶ್ವರದ ಎದುರಿನ ನೇತ್ರಾಣಿಯ ಬೆಚ್ಚನೆಯ ನೀರಿನಲ್ಲಿ ಡೈವಿಂಗ್ ಕಲಿತವರಿಗೆ ಈ ಸಮುದ್ರ ಬೇರೆಯೇ ಪಾಠ ಕಲಿಸುತ್ತದೆ.

ಮೊದಲನೆಯ ಮಹಾಯುದ್ಧದ ಕದನವಿರಾಮದ ನಂತರ ಜರ್ಮನಿಯ 74 ನೌಕೆಗಳನ್ನು ಇಲ್ಲಿ ತಂದು ನಿಲ್ಲಿಸಲಾಗಿತ್ತು. ಅವು ಬ್ರಿಟಿಷರ ಕೈಸೇರಬಾರದೆಂದು 1919ರ ಜೂನ್ 21ರಂದು ಅಡ್ಮಿರಲ್ ಲುಡ್ವಿಗ್ ಫಾನ್ ರಾಯ್ಟರ್ ಕೊಟ್ಟ ಆಜ್ಞೆಯಂತೆ ನಾವಿಕರೇ ನೀರು ಒಳಬಿಟ್ಟರು. 52 ನೌಕೆಗಳು ಮುಳುಗಿದವು. ಬಹುಪಾಲನ್ನು ಆಮೇಲೆ ಗುಜರಿಗಾಗಿ ಎತ್ತಿದರೂ, ಮೂರು ಬ್ಯಾಟಲ್‌ಶಿಪ್‌ಗಳೂ (ದಪ್ಪ ಕವಚದ ಭಾರಿ ಯುದ್ಧನೌಕೆಗಳು) ನಾಲ್ಕು ಕ್ರೂಸರ್‌ಗಳೂ (ಅವಕ್ಕಿಂತ ಚಿಕ್ಕ, ವೇಗದ ಯುದ್ಧನೌಕೆಗಳು) ಇಂದಿಗೂ ಅಲ್ಲೇ ಇವೆ.

ನೀರಿನ ಉಷ್ಣತೆ ಹತ್ತು ಡಿಗ್ರಿಯ ಆಸುಪಾಸಿನಲ್ಲಿದ್ದುದರಿಂದ ಮೈಗೆ ನೀರು ತಾಗದಂತೆ ಕಾಪಾಡುವ ಡ್ರೈಸೂಟ್ ಇಲ್ಲದೆ ಇಳಿಯುವ ಮಾತೇ ಇರಲಿಲ್ಲ. ದೋಣಿಯವರೇ ಬಾಡಿಗೆಗೆ ಕೊಟ್ಟ ಸೂಟಿನ ಎಡ ಮಣಿಕಟ್ಟಿನ ರಬ್ಬರು ಸಡಿಲವಾಗಿದ್ದು, ಮೊದಲ ದಿನವೇ ಮೊಣಕೈವರೆಗೆ ನೀರು ನುಗ್ಗಿತು. ಟಾರ್ಚಿನ ಗುಂಡಿ ಒತ್ತಲೂ ಆಗದಷ್ಟು ಬೆರಳುಗಳು ಮರಗಟ್ಟಿದವು. ಆ ಸಂಜೆಯೇ ರಬ್ಬರು ಬದಲಾಯಿಸಿಕೊಟ್ಟರು ಎಂಬುದು ನಿಜ. ಆದರೆ ಮೂವತ್ತು ಮೀಟರಿಗೂ ಆಳಕ್ಕೆ ಕಳುಹಿಸುವವರು ಇದನ್ನು ಹೊರಡುವ ಮೊದಲೇ ಪರೀಕ್ಷಿಸಬೇಕಿತ್ತು. ಚಳಿಯಿಂದ ಗಮನ ತಪ್ಪುವುದು ಅಲ್ಲಿ ಸಣ್ಣ ವಿಷಯವಲ್ಲ.

ಉಳಿದೆಲ್ಲದರಲ್ಲಿ ಅವರ ಶ್ರದ್ಧೆ ದೊಡ್ಡದು. ಪ್ರತಿ ಡೈವಿಗೂ ಮುನ್ನ ದೋಣಿಯ ನಾಯಕ, ಅಂದರೆ ಸ್ಕಿಪ್ಪರ್, ಬಿಳಿ ಹಲಗೆಯ ಮೇಲೆ ನೌಕೆ ಯಾವ ಮಗ್ಗುಲಿಗೆ ಮಲಗಿದೆ, ಹಗ್ಗ ಎಲ್ಲಿಗೆ ಇಳಿಯುತ್ತದೆ, ಎಷ್ಟು ಗಾಳಿ ಉಳಿದಾಗ ಹಿಂತಿರುಗಬೇಕು ಎಂಬುದನ್ನು ಬಿಡಿಸಿ ತೋರಿಸುತ್ತಿದ್ದರು. ಮೇಲೆ ಬಂದವರನ್ನು ಭಾರದ ಸಿಲಿಂಡರ್ ಸಮೇತ ಲಿಫ್ಟ್ ಎತ್ತಿಕೊಳ್ಳುತ್ತಿತ್ತು. ಡೆಕ್ಕಿನ ಮೇಲೆ ಕಾಲಿಡುವಷ್ಟರಲ್ಲಿ ಬಿಸಿ ಚಹಾ ಸಿದ್ಧವಿರುತ್ತಿತ್ತು.

ಕ್ರೂಸರ್ ಕೋಲ್ನ್ ನೌಕೆಯ ಮೇಲೆ ಕಳೆದ ಅರ್ಧ ಗಂಟೆಯನ್ನು ನಾನು ಮರೆಯಲಾರೆ. ಹಸಿರು ಮಬ್ಬಿನೊಳಗಿನಿಂದ ಮೊದಲು ಒಂದು ನೆರಳು, ಆಮೇಲೆ ಬಲಮಗ್ಗುಲಿಗೆ ಮಲಗಿದ ಇಡೀ ಹಡಗು ಮೂಡಿಬಂತು. ಉಕ್ಕಿನ ಕವಚದ ಗೋಪುರದ ಸೀಳಿಗೆ ಟಾರ್ಚ್ ಹಿಡಿದಾಗ ಅದರ ಅಂಚಿಗೆ ಅಂಟಿದ್ದ ಹೂವಿನಂತೆ ಕಾಣುವ ಬಿಳಿ ಸಮುದ್ರಜೀವಿಗಳು (ಸೀ ಅನಿಮೋನ್) ಬೆಳಕಿಗೆ ಮಿನುಗಿದವು. ಬ್ಯಾಟಲ್‌ಶಿಪ್‌ಗಳು ಬಹುಮಟ್ಟಿಗೆ ತಲೆಕೆಳಗಾಗಿ ಇನ್ನೂ ಆಳದಲ್ಲಿರುವುದರಿಂದ, ಮೊದಲ ಸಲ ಹೋಗುವವರು ಕ್ರೂಸರ್‌ಗಳಿಂದ ಆರಂಭಿಸುವುದೇ ಒಳ್ಳೆಯದು.

1939ರಲ್ಲಿ ಎಂಟುನೂರಕ್ಕೂ ಹೆಚ್ಚು ನಾವಿಕರೊಂದಿಗೆ ಮುಳುಗಿದ ಬ್ರಿಟಿಷ್ ಯುದ್ಧನೌಕೆ ರಾಯಲ್ ಓಕ್ ಇದೇ ನೀರಿನಲ್ಲಿದೆ. ಅದು ಯುದ್ಧಸಮಾಧಿಯಾದ್ದರಿಂದ ಅಲ್ಲಿ ಇಳಿಯುವಂತಿಲ್ಲ. ಜರ್ಮನ್ ನೌಕೆಗಳೂ ಸಂರಕ್ಷಿತ ಸ್ಮಾರಕಗಳೇ ಆಗಿರುವುದರಿಂದ ಒಂದು ಮೊಳೆಯನ್ನೂ ತೆಗೆಯಬಾರದೆಂದು ಸ್ಕಿಪ್ಪರ್ ಮೊದಲ ದಿನವೇ ಕಟ್ಟುನಿಟ್ಟಾಗಿ ಹೇಳಿದ್ದು ನನಗೆ ಬಹಳ ಹಿಡಿಸಿತು.

ಆಳದ ಡೈವಿಂಗ್ ತರಬೇತಿ ಮುಗಿಸಿ, ಬೇರೆಲ್ಲಾದರೂ ಡ್ರೈಸೂಟಿನಲ್ಲಿ ಕೆಲವು ಸಲ ಇಳಿದು ಅಭ್ಯಾಸವಾದವರಿಗೆ ಈ ದೋಣಿಯನ್ನು ಮನಸಾರೆ ಶಿಫಾರಸು ಮಾಡುತ್ತೇನೆ. ಬಾಡಿಗೆ ಸೂಟನ್ನು ಮಾತ್ರ ಬಂದರಿನ ಕಟ್ಟೆಯ ಮೇಲೆಯೇ ಹಾಕಿಕೊಂಡು, ಕತ್ತು ಮತ್ತು ಮಣಿಕಟ್ಟಿನ ರಬ್ಬರನ್ನು ನೋಡಿಕೊಂಡೇ ಹತ್ತಬೇಕು.